ವೇತನ ಮಾತುಕತೆಗೆ ಕೂರುವ ಮೊದಲು ನಿಮಿಷ ಎಣಿಸೋಣ್ವಾ?

ಎಡಗಡೆ ಕನ್ನಡಿ

ಎಲ್ಲರಿಗೂ ನಮಸ್ಕಾರ. ನಾನು 14 ವರ್ಷದಿಂದ ಬಸ್ ಓಡಿಸುತ್ತಿದ್ದೇನೆ. ಈ ಸಲ ಸಂಘದ ಮಾತುಕತೆ ಸಮಿತಿಗೆ ನನ್ನನ್ನೂ ಆರಿಸಿದ್ದಾರೆ. ಆಡಳಿತದವರ ಎದುರು ಕೂತು ಮಾತಾಡುವುದು ನನಗೆ ಇದೇ ಮೊದಲು. ಮುಂದಿನ ತಿಂಗಳು ಮೊದಲ ಸುತ್ತು.

ಆಯ್ಕೆಯಾದ ದಿನದಿಂದ ವಿಶ್ರಾಂತಿ ಕೋಣೆಗೆ ಕಾಲಿಟ್ಟರೆ ಸಾಕು, ಒಂದೇ ಪ್ರಶ್ನೆ. "ಎಷ್ಟು ಪರ್ಸೆಂಟ್ ಕೇಳ್ತೀರಾ?" ಹತ್ತಕ್ಕಿಂತ ಕಡಿಮೆ ಆದರೆ ಎದ್ದು ಬನ್ನಿ ಅಂತ ಒಬ್ಬರು. ಇಪ್ಪತ್ತೈದು ಕೇಳಿ, ಹನ್ನೆರಡು ಸಿಗುತ್ತೆ ಅಂತ ಇನ್ನೊಬ್ಬರು. ಯಾರದೂ ತಪ್ಪಲ್ಲ. ಆದರೆ ನನ್ನ ತಲೆಯಲ್ಲಿ ಬೇರೆ ಲೆಕ್ಕ ಓಡುತ್ತಿದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ರೂಟಿಗೆ ಶೆಡ್ಯೂಲ್ ಹಾಳೆಯಲ್ಲಿ ಕೊಟ್ಟಿರುವ ರನ್ನಿಂಗ್ ಟೈಮ್ ಒಂದು ಟ್ರಿಪ್ಪಿಗೆ 55 ನಿಮಿಷ. ಮೊನ್ನೆ ಸಣ್ಣ ಡೈರಿ ಜೇಬಿನಲ್ಲಿಟ್ಟುಕೊಂಡು ಒಂದು ದಿನದ ಆರೂ ಟ್ರಿಪ್ ಬರೆದೆ. 64, 71, 66, 69, 65, 67. ಒಟ್ಟು 402 ನಿಮಿಷ. ಹಾಳೆ ಹೇಳುವುದು 330. ಎಲ್ಲೂ ಸುಮ್ನೆ ನಿಂತಿಲ್ಲ, ಗಾಡಿ ಕೆಟ್ಟಿಲ್ಲ, ಮಳೆಯೂ ಇರಲಿಲ್ಲ. ಮಾಮೂಲಿ ದಿನ.

ಅಂದರೆ ದಿನಕ್ಕೆ 72 ನಿಮಿಷ ಲೆಕ್ಕಕ್ಕೇ ಬರುವುದಿಲ್ಲ. ಎಂಟು ಗಂಟೆ ಡ್ಯೂಟಿಯಲ್ಲಿ ಅದು ಶೇ 15. ಹತ್ತು ಪರ್ಸೆಂಟ್ ಜಾಸ್ತಿ ಕೊಡಿ ಅಂತ ಜಗಳ ಆಡುತ್ತಾ, ಹದಿನೈದು ಪರ್ಸೆಂಟ್ ಬಿಟ್ಟುಕೊಂಡು ಬರುತ್ತಿದ್ದೇವೆ ಅಲ್ವಾ? ಮೇಜಿನ ಮೇಲೆ ಮೊದಲು ಇದನ್ನೇ ಇಡಬೇಕು ಅನ್ನುವುದು ನನ್ನ ಮನಸ್ಸು. ಮಾತುಕತೆಯಲ್ಲಿ ಕೂತು ಅನುಭವ ಇರುವವರು ಹೇಳಿ.

ಹಳೇ ಲೆಡ್ಜರ್

ನಾನು ನಿವೃತ್ತ. ಸಂಘದ ಲೆಕ್ಕಪತ್ರ ನೋಡುತ್ತಿದ್ದೆ, ನಾಲ್ಕು ಒಪ್ಪಂದಗಳ ಮಾತುಕತೆಯಲ್ಲಿ ಕೂತಿದ್ದೇನೆ. ನಿಮ್ಮ ಯೋಚನೆ ಸರಿ ಇದೆ. ಆದರೆ ಆ 15 ಪರ್ಸೆಂಟ್ ಅನ್ನು ದಯವಿಟ್ಟು ಅಲ್ಲಿ ಹೇಳಬೇಡಿ. ಒಂದೇ ನಿಮಿಷದಲ್ಲಿ ಮುರಿದು ಹಾಕುತ್ತಾರೆ.

ಯಾಕೆ ಅಂದರೆ, ಪ್ರತಿ ಟ್ರಿಪ್ ಆದ ಮೇಲೆ ಕೊನೆಯ ನಿಲ್ದಾಣದಲ್ಲಿ ನಿಮಗೆ ಸ್ವಲ್ಪ ಬಿಡುವು ಇರುತ್ತದೆ. ಐದು ನಿಮಿಷ ಅಂತ ಇಟ್ಟುಕೊಳ್ಳಿ. ಆರು ಟ್ರಿಪ್ಪಿಗೆ 30 ನಿಮಿಷ. ತಡವಾಗಿ ಬಂದಾಗ ಮೊದಲು ಕರಗುವುದು ಆ ಬಿಡುವು. ಅದು ನಿಮ್ಮ ಎಂಟು ಗಂಟೆಯ ಒಳಗೇ ಇರುವ ಸಮಯ, ಅದಕ್ಕೆ ಸಂಬಳ ಬಂದಿದೆ. ಡ್ಯೂಟಿ ಮುಗಿಯುವ ಹೊತ್ತು ದಾಟಿ ನೀವು ಸೀಟಿನಲ್ಲಿ ಇದ್ದದ್ದು 42 ನಿಮಿಷ. ಹಾಗಾಗಿ ಬೇಡಿಕೆ ಎರಡು. 42 ನಿಮಿಷ ಓವರ್‌ಟೈಮ್, ಅದು ದುಡ್ಡಿನ ವಿಷಯ. 30 ನಿಮಿಷ ಕಿತ್ತುಕೊಂಡ ವಿಶ್ರಾಂತಿ, ಅದು ಸುರಕ್ಷತೆಯ ವಿಷಯ. ಎರಡನ್ನೂ ಒಂದೇ ಚೀಲಕ್ಕೆ ಹಾಕಿದರೆ ಎರಡೂ ಕೈ ತಪ್ಪುತ್ತವೆ.

ಇನ್ನೊಂದು ವಿಷಯ. 42 ನಿಮಿಷ 480ರಲ್ಲಿ ಶೇ 8.75. ಓವರ್‌ಟೈಮಿಗೆ ದುಪ್ಪಟ್ಟು ದರ ಇದ್ದರೆ ಅದು ಶೇ 17.5ಕ್ಕೆ ಸಮ. ಸಣ್ಣ ಸಂಖ್ಯೆಯಿಂದ ಶುರು ಮಾಡಿ ದೊಡ್ಡದಕ್ಕೆ ಬಂದಿರಿ ನೋಡಿ. ಯಾರೂ ಮುರಿಯಲು ಆಗದ ಲೆಕ್ಕ ಇದು.

ಪರ್ಸೆಂಟ್ ಬಗ್ಗೆಯೂ ಒಂದು ಮಾತು. ಎಷ್ಟು ಅನ್ನುವುದಕ್ಕಿಂತ ಯಾವುದರ ಮೇಲೆ ಅಂತ ಕೇಳಿ. ಮೂಲ ವೇತನದ ಮೇಲೋ, ಒಟ್ಟು ಸಂಬಳದ ಮೇಲೋ? ಯಾವ ತಾರೀಕಿನಿಂದ? ಹಿಂಬಾಕಿ ಎಷ್ಟು ಕಂತಿನಲ್ಲಿ? ಈ ನಡುವೆ ನಿವೃತ್ತರಾದವರಿಗೆ ಉಂಟೋ ಇಲ್ಲವೋ? ಒಪ್ಪಂದದ ದೊಡ್ಡ ಅಕ್ಷರದಲ್ಲಿ ಗೆದ್ದು, "ಜಾರಿಗೆ ಬರುವ ದಿನಾಂಕ" ಅನ್ನುವ ಒಂದು ಸಾಲಿನಲ್ಲಿ ಸೋತದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಆ ಸಾಲು ಓದದೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ. ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ.

ರೈಟ್ ರೈಟ್

ನಾನು ಕಂಡಕ್ಟರ್. ಚಾಲಕರ ನಿಮಿಷ ಎಣಿಸುವಾಗ ನಮ್ಮದನ್ನೂ ಎಣಿಸಿ ಅಂತ ಕೇಳಲು ಬಂದೆ.

ಬಸ್ ಡಿಪೋಗೆ ಬಂದು ಎಂಜಿನ್ ಆಫ್ ಆದರೆ ಚಾಲಕರ ಟ್ರಿಪ್ ಮುಗಿಯಿತು. ನನ್ನದು ಅಲ್ಲಿಂದ ಶುರು. ನೋಟುಗಳನ್ನು ಮುಖ ಒಂದೇ ಕಡೆ ಬರುವಂತೆ ಜೋಡಿಸಬೇಕು. ಚಿಲ್ಲರೆ ಎಣಿಸಬೇಕು. ಟಿಕೆಟ್ ಯಂತ್ರದ ರಿಪೋರ್ಟ್ ತೆಗೆದು ತಾಳೆ ನೋಡಬೇಕು. ಆಮೇಲೆ ಕ್ಯಾಶ್ ಕೌಂಟರಿನ ಸಾಲು. ಸಂಜೆ ಎಂಟು ಬಸ್ ಒಟ್ಟಿಗೆ ಬಂದರೆ ಕಿಟಕಿ ಮಾತ್ರ ಒಂದೇ. ಕಳೆದ ಶುಕ್ರವಾರ ನಾನು ಸಾಲಿನಲ್ಲಿ ನಿಂತದ್ದು 35 ನಿಮಿಷ, ಕೈಯಲ್ಲಿ ಸಂಸ್ಥೆಯ ಹಣದ ಚೀಲ ಹಿಡಿದುಕೊಂಡು. ಚೀಲ ಕೆಳಗೆ ಇಡುವ ಹಾಗಿಲ್ಲ, ಸಾಲು ಬಿಡುವ ಹಾಗಿಲ್ಲ. ಹಣ ಕಡಿಮೆ ಬಂದರೆ ನನ್ನ ಸಂಬಳದಿಂದ ಹೋಗುತ್ತದೆ. ಆ 35 ನಿಮಿಷ ನಾನು ಕೆಲಸದಲ್ಲಿ ಇರಲಿಲ್ಲವಂತೆ. ಹಾಜರಿಯಲ್ಲಿ ಹಾಗೇ ಬರೆದಿದ್ದಾರೆ.

ಇನ್ನು ಆ ಐದು ನಿಮಿಷದ ಬಿಡುವು. ಗಂಡಸರಿಗೆ ಅದು ಕಾಲು ಚಾಚುವ ಸಮಯ ಇರಬಹುದು. ನಮಗೆ ಅದು ಶೌಚಾಲಯದ ಸಮಯ. ಎರಡು ಕೊನೆಯ ನಿಲ್ದಾಣಗಳಲ್ಲಿ ಒಂದರಲ್ಲಿ ಮಾತ್ರ ಬೀಗ ಹಾಕದ ಶೌಚಾಲಯ ಇದೆ. ಬಸ್ ತಡವಾದರೆ ಅದೂ ಇಲ್ಲ. ಬೆಳಗ್ಗೆಯಿಂದ ನೀರು ಕುಡಿಯದೆ ಕೆಲಸ ಮಾಡುವ ಹೆಣ್ಣುಮಕ್ಕಳು ನಮ್ಮಲ್ಲಿ ಎಷ್ಟು ಜನ ಇದ್ದಾರೆ ಅಂತ ಸಮಿತಿಯಲ್ಲಿ ಯಾರಾದರೂ ಕೇಳಿದ್ದಾರಾ? ಲೆಡ್ಜರ್ ಸರ್ ಅದನ್ನು ಸುರಕ್ಷತೆ ಅಂದರು. ನಾನು ಆರೋಗ್ಯ ಅನ್ನುತ್ತೇನೆ. ಬೇಡಿಕೆ ಪಟ್ಟಿಯ ಕೊನೆಗೆ "ಇತರೆ" ಅಂತ ಬರೆದು ಅದರೊಳಗೆ ಇದನ್ನು ತುರುಕಬೇಡಿ.

ಒಂದು ಉಪಯೋಗದ ಮಾತನ್ನೂ ಹೇಳುತ್ತೇನೆ. ನಿಮ್ಮ ಡೈರಿಯನ್ನು ಅವರು ನಂಬದಿದ್ದರೆ ನಮ್ಮ ಯಂತ್ರ ಇದೆ. ಪ್ರತಿ ಟಿಕೆಟ್ ಮೇಲೂ ಹೊತ್ತು ಅಚ್ಚಾಗುತ್ತದೆ. ಪ್ರತಿ ಹಂತ ದಾಟುವಾಗ ನಾವು ಸ್ಟೇಜ್ ಬದಲಿಸುತ್ತೇವೆ, ಅದೂ ದಾಖಲಾಗುತ್ತದೆ. ವರ್ಷಗಟ್ಟಲೆ ಲೆಕ್ಕ ಅವರ ಕಂಪ್ಯೂಟರಿನಲ್ಲೇ ಕೂತಿದೆ.

ಟ್ರಿಪ್ ಶೀಟ್

ನಾನು ಆಚೆ ಕಡೆಯವನು. ಬೇರೊಂದು ಸಾರಿಗೆ ಸಂಸ್ಥೆಯಲ್ಲಿ ಶೆಡ್ಯೂಲ್ ಹಾಕುವ ಕೆಲಸ. ಬೈಯುವ ಮೊದಲು ಒಂದು ನಿಮಿಷ ಕೇಳಿ.

55 ನಿಮಿಷ ಸುಳ್ಳು ಅಂತ ನಮಗೂ ಗೊತ್ತಿರುತ್ತದೆ. ಆ ಅಳತೆ ತೆಗೆದ ಕಾಲದಲ್ಲಿ ರಸ್ತೆಯಲ್ಲಿ ಅಷ್ಟು ಗಾಡಿ ಇರಲಿಲ್ಲ, ಅಷ್ಟು ಸಿಗ್ನಲ್ ಇರಲಿಲ್ಲ. ಬದಲಾಯಿಸಲು ಯಾಕೆ ಹಿಂದೇಟು ಅಂದರೆ, ಲೆಕ್ಕ ಹೀಗಿದೆ. ಹೋಗಲು 55, ಬಿಡುವು 5, ಬರಲು 55, ಬಿಡುವು 5. ಒಂದು ಸುತ್ತು 120 ನಿಮಿಷ. ಹತ್ತು ನಿಮಿಷಕ್ಕೊಂದು ಬಸ್ ಬಿಡಬೇಕಾದರೆ 12 ಬಸ್ ಸಾಕು. ಈಗ ನಿಮ್ಮ 67 ಹಾಕಿ. ಸುತ್ತು 144 ನಿಮಿಷ ಆಗುತ್ತದೆ. ಅದೇ ಹತ್ತು ನಿಮಿಷಕ್ಕೊಂದು ಬೇಕು ಅಂದರೆ 15 ಬಸ್ ಬೇಕು. ಮೂರು ಬಸ್ ಜಾಸ್ತಿ, ಎರಡು ಪಾಳಿಗೆ ಅದರ ಸಿಬ್ಬಂದಿ, ಅವರ ರಜೆಗೆ ಬದಲಿ ಸಿಬ್ಬಂದಿ. ಒಂದು ರೂಟಿಗೇ ಇಷ್ಟು.

ಅದಕ್ಕೇ ಮೇಜಿನ ಆಚೆ ಕೂತವರು ಪರ್ಸೆಂಟ್ ಬಗ್ಗೆ ಎಷ್ಟು ಹೊತ್ತು ಬೇಕಾದರೂ ಮಾತಾಡುತ್ತಾರೆ. ನಿಮಿಷದ ಬಗ್ಗೆ ಮಾತು ಬಂದರೆ "ಅದು ತಾಂತ್ರಿಕ ವಿಷಯ, ಡಿಪೋ ಮಟ್ಟದಲ್ಲಿ ನೋಡೋಣ" ಅಂತ ಪಕ್ಕಕ್ಕೆ ಇಡುತ್ತಾರೆ. ಆ ಮಾತು ಕೇಳಿದ ಕೂಡಲೇ ಅಲ್ಲೇ ಗಟ್ಟಿಯಾಗಿ ಕೂತುಬಿಡಿ.

15 ಬಸ್ ಆಗುವುದಿಲ್ಲ ಅಂದರೆ ಇನ್ನೊಂದು ದಾರಿ ಇದೆ. 12 ಬಸ್ಸೇ ಇರಲಿ, 12 ನಿಮಿಷಕ್ಕೊಂದು ಅಂತ ಪ್ರಾಮಾಣಿಕವಾಗಿ ಬರೆಯಲಿ. 144ನ್ನು 12ರಿಂದ ಭಾಗಿಸಿ ನೋಡಿ.

ದಿನದ ಪಾಸ್

ನಾನು ಸಾಮಾನ್ಯ ಪ್ರಯಾಣಿಕ. ಹತ್ತು ನಿಮಿಷಕ್ಕೊಂದು ಅಂತ ಬೋರ್ಡ್ ಇದೆ. ಇಪ್ಪತ್ತು ನಿಮಿಷ ಒಂದೂ ಇಲ್ಲ, ಆಮೇಲೆ ಎರಡು ಒಟ್ಟಿಗೆ. ಮೊದಲನೆಯದರಲ್ಲಿ ಕಾಲಿಡಲು ಜಾಗ ಇಲ್ಲ, ಹಿಂದಿನದು ಖಾಲಿ. ಇಷ್ಟು ದಿನ ಚಾಲಕರೇ ಬೇಕಂತ ಹೀಗೆ ಮಾಡುತ್ತಾರೆ ಅಂದುಕೊಂಡಿದ್ದೆ. ಹನ್ನೆರಡು ಅಂತ ಬರೆದು ಹನ್ನೆರಡಕ್ಕೇ ಬಂದರೆ ನನಗೆ ಸಾಕು. ಈ ಮಾತನ್ನು ಜನರಿಗೂ ಹೇಳಿ. ಮುಷ್ಕರದ ದಿನ ಮಾತ್ರ ನಿಮ್ಮ ಸುದ್ದಿ ನಮ್ಮ ಕಿವಿಗೆ ಬಿದ್ದರೆ ನಾವು ನಿಮ್ಮ ಕಡೆ ನಿಲ್ಲುವುದು ಹೇಗೆ?

ಹೊಸ ಬ್ಯಾಡ್ಜ್

ಓದುತ್ತಾ ಬಂದೆ. ಬೇಸರವೂ ಆಯಿತು. ನಾನು ಗುತ್ತಿಗೆ ಚಾಲಕ, ಎರಡು ವರ್ಷ ಆಯಿತು. ಇದೇ ರಸ್ತೆ, ಇದೇ ಗಾಡಿ, ಇದೇ 67 ನಿಮಿಷ. ಸಂಬಳ ಮಾತ್ರ ಪಕ್ಕದ ಗಾಡಿಯ ಚಾಲಕನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ನಿಮ್ಮ ಒಪ್ಪಂದದಲ್ಲಿ ನಮ್ಮ ಹೆಸರೇ ಇರುವುದಿಲ್ಲ. ಆದರೆ ಮುಷ್ಕರ ಮಾಡಿದಾಗ "ನೀವೂ ಗಾಡಿ ತೆಗೆಯಬೇಡಿ" ಅಂತ ಹೇಳಲು ಮಾತ್ರ ಎಲ್ಲರೂ ಬರುತ್ತೀರಿ. ಕಾಯಂ ಆದವರು ಮನೆಗೆ ಹೋಗಿ ಮಲಗುತ್ತಾರೆ. ನಮಗೆ ಮರುದಿನ ಕೆಲಸ ಇರುತ್ತದೋ ಇಲ್ಲವೋ ಗೊತ್ತಿಲ್ಲ.

2023ರಲ್ಲಿ ಅಮೆರಿಕದ ಪಾರ್ಸೆಲ್ ಕಂಪನಿ ಯುಪಿಎಸ್‌ನಲ್ಲಿ ಟೀಮ್‌ಸ್ಟರ್ಸ್ ಸಂಘ ಸುಮಾರು 3,40,000 ಜನರ ಪರವಾಗಿ ಮಾತುಕತೆಗೆ ಕೂತಿತ್ತು. ಅಲ್ಲಿಯೂ ಒಂದೇ ಕೆಲಸಕ್ಕೆ ಕಡಿಮೆ ದರದ ಇನ್ನೊಂದು ಚಾಲಕ ವರ್ಗ ಇತ್ತು. ಹಿಂದಿನ ಒಪ್ಪಂದದಲ್ಲಿ ಸಂಘವೇ ಒಪ್ಪಿಕೊಂಡಿದ್ದ ವರ್ಗ ಅದು. ಈ ಸಲ ಅದನ್ನು ರದ್ದು ಮಾಡಲೇಬೇಕು ಅಂತ ಹಟ ಹಿಡಿದು, ರದ್ದು ಮಾಡಿಸಿದರು. ಹೊಸ ಗಾಡಿಗಳಿಗೆ ಎಸಿ ಬೇಕು ಅನ್ನುವುದನ್ನೂ ಪಡೆದರು. ಸದಸ್ಯರು ಶೇ 86.3 ಮತದಿಂದ ಒಪ್ಪಿದರು. ಮುಷ್ಕರಕ್ಕೆ ಸಿದ್ಧರಾಗಿದ್ದರು, ಮಾಡುವ ಅಗತ್ಯವೇ ಬರಲಿಲ್ಲ. ಮೇಲಿನವರು ಕೆಳಗಿನವರನ್ನು ಬಿಟ್ಟು ಸಹಿ ಹಾಕುವುದಿಲ್ಲ ಅಂತ ಕಂಪನಿಗೆ ಗೊತ್ತಾಗಿತ್ತು. ನಮ್ಮ ವಿಷಯದಲ್ಲಿ ಆ ಮಾತನ್ನು ನೀವು ಹೇಳುತ್ತೀರಾ?

ಎಡಗಡೆ ಕನ್ನಡಿ

ಹೊಸ ಬ್ಯಾಡ್ಜ್, ನಿಮ್ಮ ಮಾತು ನೋವು ಕೊಟ್ಟಿತು, ಯಾಕೆಂದರೆ ನಿಜ. ಭರವಸೆ ಕೊಡುವಷ್ಟು ದೊಡ್ಡವನಲ್ಲ ನಾನು. ಆದರೆ ರನ್ನಿಂಗ್ ಟೈಮ್ ಬದಲಾದರೆ ಅದು ಗಾಡಿಗೆ ಬದಲಾಗುತ್ತದೆ, ಅದನ್ನು ಓಡಿಸುವವರು ಕಾಯಮ್ಮೋ ಗುತ್ತಿಗೆಯೋ ಅಂತ ನೋಡುವುದಿಲ್ಲ. ಹಾಗಾಗಿ ಮೊದಲ ದಿನವೇ ನಿಮಗೂ ನಮಗೂ ಒಟ್ಟಿಗೆ ಸಿಗುವ ಬೇಡಿಕೆ ಇದೊಂದೇ ಇರಬಹುದು. ದರದ ವಿಷಯವನ್ನು ನಾಳೆ ಸಮಿತಿಯಲ್ಲಿ ನಾನೇ ಎತ್ತುತ್ತೇನೆ. ನಿಮ್ಮವರಲ್ಲಿ ಇಬ್ಬರು ಸಮಿತಿಗೆ ಬಂದು ಮಾತಾಡಲು ಸಾಧ್ಯವಾ?

ಲೋಡ್ ಗಾಡಿ

ನಾನು ಲಾರಿಯವನು. ನಮಗೆ ರನ್ನಿಂಗ್ ಟೈಮೂ ಇಲ್ಲ, ಬಿಡುವೂ ಇಲ್ಲ, ಕಾಯುವುದೇ ಜಾಸ್ತಿ. ಗೋದಾಮಿನ ಗೇಟಿನ ಹೊರಗೆ ಒಂಬತ್ತು ಗಂಟೆ ಕಾದದ್ದಿದೆ. ನಮ್ಮದು ಟ್ರಿಪ್ ಲೆಕ್ಕ, ಕಾದದ್ದಕ್ಕೆ ಏನೂ ಇಲ್ಲ. ನಿದ್ದೆ ಮಾಡೋಣ ಅಂದರೆ ಸಾಲು ಹತ್ತು ಅಡಿ ಮುಂದೆ ಹೋಗುತ್ತದೆ, ಹಿಂದಿನವನು ಹಾರ್ನ್ ಹೊಡೆಯುತ್ತಾನೆ. ಲೋಡ್ ಆದ ಮೇಲೆ ಮಾತ್ರ "ಬೆಳಗ್ಗೆ ಒಳಗೆ ಮುಟ್ಟಿಸು" ಅಂತಾರೆ. ಅಂದರೆ ಅವರು ತಿಂದ ಹೊತ್ತನ್ನು ನಾವು ರಸ್ತೆಯಲ್ಲಿ ನಿದ್ದೆಗೆಟ್ಟು ತುಂಬಿಕೊಡಬೇಕು.

ಯುರೋಪಿನ ಲಾರಿಗಳಲ್ಲಿ ಟ್ಯಾಕೋಗ್ರಾಫ್ ಅನ್ನುವ ಯಂತ್ರ ಇರುತ್ತದೆ. ಗಾಡಿ ಓಡಿದ್ದು, ನಿಂತದ್ದು, ಚಾಲಕ ಬೇರೆ ಕೆಲಸ ಮಾಡಿದ್ದು, ಎಲ್ಲವೂ ದಾಖಲು. ಯುರೋಪಿಯನ್ ಒಕ್ಕೂಟದ 2006ರ 561ನೇ ನಿಯಮದ ಪ್ರಕಾರ ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ವಿರಾಮ. ದಿನಕ್ಕೆ 9 ಗಂಟೆ, ವಾರದಲ್ಲಿ ಎರಡು ದಿನ ಮಾತ್ರ 10 ಗಂಟೆ. ಎರಡು ವಾರ ಸೇರಿ 90 ಗಂಟೆ ದಾಟುವಂತಿಲ್ಲ. ಬಸ್ಸಿನವರು ಇದನ್ನು ಓದಿ ಖುಷಿ ಪಡಬೇಡಿ, 50 ಕಿಲೋಮೀಟರ್ ಒಳಗಿನ ನಿಯಮಿತ ಬಸ್ ರೂಟುಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ.

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1979ರ 153ನೇ ಒಡಂಬಡಿಕೆಯೂ ಇದೆ. ಸತತ 4 ಗಂಟೆಗೆ ವಿರಾಮ, ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಓಡಿಸುವ ಮಿತಿ. ಸಹಿ ಹಾಕಿದ ದೇಶಗಳು ಕಡಿಮೆ. ಆದರೂ ಮೇಜಿನ ಮೇಲೆ ಇಡಲು ಒಂದು ಅಳತೆಗೋಲು ಬೇಕಲ್ವಾ?

ಕಲಂ ಓದುವವ

ಅಳತೆಗೋಲು ಇಲ್ಲೂ ಇದೆ. ಭಾರತದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಅಂದಿತ್ತು. ಓವರ್‌ಟೈಮಿಗೆ ದುಪ್ಪಟ್ಟು ದರವೂ ಅದರಲ್ಲೇ ಇತ್ತು. ಈಗ ಆ ಕಾಯ್ದೆ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿ ಸಂಹಿತೆಯೊಳಗೆ ಸೇರಿದೆ. ಆದರೆ ಹಳೆಯ ಕಾಯ್ದೆಯ ಶುರುವಿನ ವ್ಯಾಖ್ಯೆಗಳನ್ನು ಮಾತುಕತೆಗೆ ಹೋಗುವ ಪ್ರತಿಯೊಬ್ಬರೂ ಓದಬೇಕು.

ರೈಟ್ ರೈಟ್ ಮೇಡಂ, ನಿಮ್ಮ ಕ್ಯಾಶ್ ಕೌಂಟರಿನ ಸಾಲು ಅಲ್ಲೇ ಇದೆ. ಗಾಡಿ ಓಡುವ ಹೊತ್ತಿನ ಆಚೆ ಮಾಡುವ ಲೆಕ್ಕ, ಹಣ ಕಟ್ಟುವುದು, ರಿಜಿಸ್ಟರಿಗೆ ಸಹಿ ಹಾಕುವುದು, ಟಿಕೆಟ್ ತಾಳೆ ನೋಡುವುದು, ಇವೆಲ್ಲ "ಪೂರಕ ಕೆಲಸ". ಪೂರಕ ಕೆಲಸದ ಹೊತ್ತು ಕೆಲಸದ ಹೊತ್ತೇ. ಸಹಿ ಹಾಕಿದ ಜಾಗದಿಂದ ಗಾಡಿ ಇರುವ ಜಾಗಕ್ಕೆ ಹೋಗುವ ಪ್ರಯಾಣ ಕೂಡ ಅದರಲ್ಲಿ ಬರುತ್ತದೆ. ಇಷ್ಟು ಸ್ಪಷ್ಟವಾಗಿ 1961ರಲ್ಲೇ ಬರೆದಿದ್ದರು.

ಎಚ್ಚರ ಬೇಕಾದದ್ದು ಇನ್ನೊಂದು ಕಡೆ. ಕೊನೆಯ ನಿಲ್ದಾಣದಲ್ಲಿ ಸುಮ್ನೆ ಹಾಜರಿರುವ ಹೊತ್ತು 15 ನಿಮಿಷಕ್ಕಿಂತ ಕಡಿಮೆ ಇದ್ದರೆ ಮಾತ್ರ ಅದು ಕೆಲಸದ ಹೊತ್ತು ಅಂತ ಅದೇ ವ್ಯಾಖ್ಯೆ ಹೇಳುತ್ತದೆ. ಹಾಗಾಗಿ "ಬಿಡುವು ಜಾಸ್ತಿ ಕೊಡಿ" ಅಂತ ಬರೀ ಬಾಯಿಮಾತಿನಲ್ಲಿ ಕೇಳಿದರೆ, 20 ನಿಮಿಷ ಕೊಟ್ಟು ಅದನ್ನು ಸಂಬಳದಿಂದ ಹೊರಗೆ ಹಾಕುವ ದಾರಿ ತೆರೆದಂತೆ. ಎಷ್ಟು ನಿಮಿಷ ಅಂತ ಬರೆಯಿಸಿ, "ಸಂಬಳ ಸಹಿತ" ಅನ್ನುವ ಎರಡು ಪದ ಜೊತೆಗೇ ಬರೆಯಿಸಿ.

ಟಿಕೆಟ್ ಯಂತ್ರದ ಮಾಹಿತಿ ಕೇಳಲು ಹಿಂಜರಿಯಬೇಡಿ. ಅರ್ಥವುಳ್ಳ ಮಾತುಕತೆಗೆ ಬೇಕಾದ ಮಾಹಿತಿ ಎರಡೂ ಕಡೆಯವರಿಗೆ ಸಿಗಬೇಕು ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1981ರ 163ನೇ ಶಿಫಾರಸು ಹೇಳುತ್ತದೆ.

ಆನ್‌ಲೈನ್ ಇದ್ದೇನೆ

ಆ್ಯಪ್ ಟ್ಯಾಕ್ಸಿಯವನು ನಾನು. ಕಾಯುವ ಹೊತ್ತು ಕೆಲಸವಾ ಅನ್ನುವುದೇ ನಮ್ಮ ಇಡೀ ಜಗಳ. 2021ರ ಫೆಬ್ರುವರಿಯಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಉಬರ್ ಚಾಲಕರ ಪ್ರಕರಣದಲ್ಲಿ ಹೇಳಿತು: ಆ್ಯಪ್ ಆನ್ ಮಾಡಿ, ತಮ್ಮ ಪ್ರದೇಶದಲ್ಲಿ ಇದ್ದು, ಬಾಡಿಗೆ ಒಪ್ಪಲು ಸಿದ್ಧ ಇರುವ ಹೊತ್ತೆಲ್ಲ ಕೆಲಸದ ಹೊತ್ತು. ಮುಂದಿನ ತಿಂಗಳು ಕಂಪನಿ ಕನಿಷ್ಠ ವೇತನ ಘೋಷಿಸಿತು. ಆದರೆ ಬಾಡಿಗೆ ಒಪ್ಪಿದ ಕ್ಷಣದಿಂದ ಇಳಿಸುವವರೆಗೆ ಮಾತ್ರ. ಗೆದ್ದ ಮೇಲೂ ಕಾಯುವ ನಿಮಿಷ ಹೊರಗೇ ಉಳಿಯಿತು. ನಿಮಗೆ ಕೂತು ಮಾತಾಡಲು ಒಂದು ಮೇಜಾದರೂ ಇದೆ. ಅದನ್ನು ಬಿಡಬೇಡಿ.

ಮೂರನೇ ಗೇರ್

ಎಲ್ಲ ಸರಿ. ಆದರೆ ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಮಗಳ ಕಾಲೇಜು ಫೀಸ್ ಕಟ್ಟುವಾಗ ನಿಮಿಷ ಕೊಟ್ಟರೆ ತಗೊಳ್ಳುತ್ತಾರಾ? ನಮಗೆ ಈಗ ಬೇಕಾದ್ದು ದುಡ್ಡು. ರನ್ನಿಂಗ್ ಟೈಮ್ ಅಂತ ಹೊರಟು ಪರ್ಸೆಂಟ್ ಕಡಿಮೆ ಆಗಿಬಿಟ್ಟರೆ ಡಿಪೋದಲ್ಲಿ ಮುಖ ತೋರಿಸುವುದು ಕಷ್ಟ. ಇನ್ನೂ ಒಂದು. ಓವರ್‌ಟೈಮ್ ದುಡ್ಡಿನಿಂದಲೇ ಮನೆ ನಡೆಸುವವರಿದ್ದಾರೆ. ಟೈಮ್ ಸರಿಯಾದರೆ ಓವರ್‌ಟೈಮ್ ಹೋಗುತ್ತೆ ಅಂತ ಅವರಿಗೆ ಭಯ ಇದೆ.

ಹಳೇ ಲೆಡ್ಜರ್

ಮೂರನೇ ಗೇರ್ ಹೇಳಿದ್ದನ್ನು ತಳ್ಳಿಹಾಕಬಾರದು. ಪರ್ಸೆಂಟ್ ಬೇಕೇ ಬೇಕು. ಆದರೆ ಪರ್ಸೆಂಟ್ ಒಂದೇ ಸಿಕ್ಕರೆ ಏನಾಗುತ್ತದೆ ಅನ್ನುವುದಕ್ಕೆ 2022ರ ಅಮೆರಿಕದ ರೈಲು ನೌಕರರ ಮಾತುಕತೆ ನೋಡಿ. 12 ಸಂಘಗಳು, ಐದು ವರ್ಷಕ್ಕೆ ಶೇ 24 ಏರಿಕೆ. ಒಳ್ಳೆಯ ಸಂಖ್ಯೆ. ಆದರೂ ನಾಲ್ಕು ಸಂಘಗಳ ಸದಸ್ಯರು ಬೇಡ ಅಂತ ಮತ ಹಾಕಿದರು. ಕಾಯಿಲೆ ಬಿದ್ದರೆ ಸಂಬಳ ಸಹಿತ ಒಂದು ದಿನ ರಜೆಯೂ ಅದರಲ್ಲಿ ಇರಲಿಲ್ಲ. ಕೊನೆಗೆ ಸಂಸತ್ತು ಕಾನೂನು ಮಾಡಿ ಅದೇ ಒಪ್ಪಂದವನ್ನು ಹೇರಿತು, ಡಿಸೆಂಬರ್ 2ರಂದು ಅಧ್ಯಕ್ಷರ ಸಹಿ ಬಿತ್ತು. ಏಳು ದಿನ ರಜೆಯ ಪ್ರಸ್ತಾವ ಸೆನೆಟ್‌ನಲ್ಲಿ ಬಿದ್ದುಹೋಯಿತು. ಸಂಘಗಳು ಸುಮ್ಮನಾಗಲಿಲ್ಲ. ಆಮೇಲೆ ಒಂದೊಂದೇ ಕಂಪನಿಯ ಜೊತೆ ಕೂತು ರಜೆ ಪಡೆಯುತ್ತಾ ಬಂದವು.

2025ರ ಆಗಸ್ಟಿನಲ್ಲಿ ಏರ್ ಕೆನಡಾದ 10,000ಕ್ಕೂ ಹೆಚ್ಚು ವಿಮಾನ ಪರಿಚಾರಕರು ಕೆಲಸ ನಿಲ್ಲಿಸಿದ ದೊಡ್ಡ ಕಾರಣ ಕೂಡ ಇದೇ. ವಿಮಾನ ಚಲಿಸಿದ ಮೇಲೆ ಸಂಬಳ, ನೆಲದ ಮೇಲೆ ಪ್ರಯಾಣಿಕರನ್ನು ಹತ್ತಿಸುವ ಹೊತ್ತಿಗೆ ಇಲ್ಲ. ಸರ್ಕಾರ ಒಂದೇ ದಿನದೊಳಗೆ ಕೆಲಸಕ್ಕೆ ಮರಳಲು ಆದೇಶಿಸಿತು. ಅವರು ಹೋಗಲಿಲ್ಲ. ಕೆಲವೇ ದಿನದಲ್ಲಿ ನೆಲದ ಹೊತ್ತಿಗೂ ಸಂಬಳ ಅಂತ ಒಪ್ಪಂದಕ್ಕೆ ಬಂತು.

ಇದು ಹಳೇ ಜಗಳ ಕೂಡ. 1889ರ ಲಂಡನ್ ಬಂದರು ಮುಷ್ಕರ ಅಂದರೆ ಗಂಟೆಗೆ ಆರು ಪೆನ್ನಿ ಅಂತ ಎಲ್ಲರಿಗೂ ನೆನಪು. ಅದರ ಜೊತೆಗೇ ಇದ್ದ ಬೇಡಿಕೆ, ಕರೆದರೆ ಕನಿಷ್ಠ ನಾಲ್ಕು ಗಂಟೆ ಕೆಲಸ ಕೊಡಿ ಅನ್ನುವುದು. ದಿನವಿಡೀ ಗೇಟಿನಲ್ಲಿ ನಿಂತವರಿಗೆ ಒಂದು ಗಂಟೆ ಕೆಲಸ ಕೊಟ್ಟು ಕಳಿಸುತ್ತಿದ್ದರು. ದರವನ್ನೂ ಹೊತ್ತನ್ನೂ ಒಟ್ಟಿಗೆ ಕೇಳಿದರು.

ಓವರ್‌ಟೈಮ್ ಹೋಗುತ್ತೆ ಅನ್ನುವ ಭಯಕ್ಕೆ ನನ್ನ ಉತ್ತರ ಇಷ್ಟೇ. ಈಗ ಈ 42 ನಿಮಿಷಕ್ಕೆ ಯಾರಿಗೂ ಓವರ್‌ಟೈಮ್ ಬರುತ್ತಿಲ್ಲ. ಇಲ್ಲದ್ದನ್ನು ಕಳೆದುಕೊಳ್ಳುವುದು ಹೇಗೆ?

ಎಡಗಡೆ ಕನ್ನಡಿ

ಐದು ವಾರ ಆದ ಮೇಲೆ ಬರೆಯುತ್ತಿದ್ದೇನೆ. ಮೊದಲ ಸುತ್ತು ಮೊನ್ನೆ ಆಯಿತು.

ಈ ನಡುವೆ ನಮ್ಮ ಡಿಪೋದಲ್ಲಿ 38 ಜನ ಡೈರಿ ಬರೆದರು. ಅದರಲ್ಲಿ 11 ಜನ ಗುತ್ತಿಗೆಯವರು. ಹೊಸ ಬ್ಯಾಡ್ಜ್ ಕಡೆಯಿಂದ ಇಬ್ಬರು ಸಮಿತಿಗೆ ಬಂದು ಕೂತರು. ಕಂಡಕ್ಟರುಗಳು ಮೊದಲ ಮತ್ತು ಕೊನೆಯ ಹಂತದ ಟಿಕೆಟ್ ಹೊತ್ತನ್ನು ಬರೆದು ಕೊಟ್ಟರು. ಎರಡೂ ತಾಳೆ ನೋಡಿ, ಎರಡು ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದ ಟ್ರಿಪ್ ಎಲ್ಲ ತೆಗೆದು ಹಾಕಿದೆವು. ನಮಗೆ ಅನುಕೂಲ ಇದ್ದದ್ದನ್ನೂ ತೆಗೆದೆವು.

ಟ್ರಿಪ್ ಶೀಟ್ ಹೇಳಿದ ಹಾಗೇ ಆಯಿತು. ಹಾಳೆ ಇಟ್ಟ ಕೂಡಲೇ "ಇದು ತಾಂತ್ರಿಕ ವಿಷಯ, ಡಿಪೋದಲ್ಲಿ ನೋಡಿಕೊಳ್ಳಿ" ಅಂದರು. ಗಂಟಲು ಒಣಗಿತ್ತು. ಆದರೂ ನಾನೇ ಮಾತಾಡಿದೆ. ನಿಮ್ಮ ಕಡೆಯ ಒಬ್ಬರು, ನಮ್ಮ ಕಡೆಯ ಒಬ್ಬರು ಒಂದೇ ಬಸ್ಸಿನಲ್ಲಿ ಕೂತು ಅಳೆಯೋಣ, ಎಷ್ಟು ಬರುತ್ತದೋ ಅದಕ್ಕೆ ಇಬ್ಬರೂ ಸಹಿ ಹಾಕೋಣ ಅಂದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಂದು ರೂಟ್, ಒಂದು ದಿನ ಅಂತ ಒಪ್ಪಿದರು.

ನಿನ್ನೆ ಆ ದಿನ. ಅಧಿಕಾರಿ ನನ್ನ ಹಿಂದಿನ ಸೀಟಿನಲ್ಲಿ ಕೂತರು, ಕೈಯಲ್ಲಿ ಅವರದೇ ಗಡಿಯಾರ, ಅವರದೇ ಹಾಳೆ. ಮೊದಲ ಟ್ರಿಪ್ 66. ಎರಡನೆಯದು 70. ಬಂದು ಮುಟ್ಟಿದಾಗ ಬಿಡುವು ಮುಗಿದು ಹತ್ತು ನಿಮಿಷಕ್ಕೂ ಜಾಸ್ತಿ ಆಗಿತ್ತು, ಜನ ಆಗಲೇ ಹತ್ತುತ್ತಿದ್ದರು. ನಮ್ಮ ಕಂಡಕ್ಟರ್ ಅವರ ಹತ್ತಿರ ಬಂದು, "ಸರ್, ಶೌಚಾಲಯಕ್ಕೆ ಹೋಗಿ ಬರಬೇಕು, ಮೂರು ನಿಮಿಷ, ಬರೆದುಕೊಳ್ಳಿ" ಅಂದರು. ಅವರು ತಲೆ ಎತ್ತಿ ನೋಡಿ, ಬರೆದುಕೊಂಡರು.

ಸಂಜೆ ಆರೂ ಟ್ರಿಪ್ ಕೂಡಿಸಿದಾಗ 405. ಅವರ ಕೈಬರಹದಲ್ಲೇ ಇದೆ, ಕೆಳಗೆ ಇಬ್ಬರ ಸಹಿಯೂ ಇದೆ. ಎರಡನೇ ಸುತ್ತು ಬರುವ ಗುರುವಾರ. ಬಿಡುವಿನ ಸಾಲಿನ ಪಕ್ಕ "ಸಂಬಳ ಸಹಿತ" ಅಂತ ಸೇರಿಸಿದ ಕರಡು ಸಿದ್ಧವಾಗಿದೆ. ಲೆಡ್ಜರ್ ಸರ್, ಜಾರಿಗೆ ಬರುವ ದಿನಾಂಕದ ಸಾಲನ್ನು ನೀವು ಒಮ್ಮೆ ಓದಿ ಕೊಡುತ್ತೀರಾ?

ಹಳೇ ಲೆಡ್ಜರ್

ಕಳಿಸಿ. ಇವತ್ತು ರಾತ್ರಿಯೇ ಓದುತ್ತೇನೆ.